ಮಹಿಳಾ ಬಳಗ ನನ್ನ ಉಡಿ ತುಂಬಿದ ಪ್ರಸಂಗ

ಕಚೇರಿಯಲ್ಲಿ ದುಡಿಯುವ ಹೆಂಗಸರು ಮುಂದೆ ಬರಬೇಕಾದರೆ ತಮ್ಮದೇ ಒಂದು ಬಳಗ ಕಟ್ಟಿಕೊಳ್ಳಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಹೇಳಲಿ. ಈ ವಿಷಯದಲ್ಲಿ ಅಧಿಕಾರದಿಂದ ಮಾತನಾಡುವ ಯೋಗ್ಯತೆ ಜಮಖಂಡಿ ತಾಲೂಕಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ನಾನು ಅಂಥ ಒಂದು ಬಳಗದ ಸಂಸ್ಥಾಪಕ ಅಧ್ಯಕ್ಷೆ. ನಮ್ಮ ಬಳಗ ಅತ್ಯಂತ ಯಶಸ್ವಿಯಾಯಿತು. ರಂಗೋಲಿ ಚೆನ್ನಾಗಿ ಬಂತು, ಹೋಳಿಗೆ ಹರಿಯಲಿಲ್ಲ, ಸ್ವಾಗತಗೀತೆಯಲ್ಲಿ ಯಾರೂ ಕೆಮ್ಮಲಿಲ್ಲ. ಯಾವ ಕೆಲಸಕ್ಕೆಂದು ಕಟ್ಟಿದ್ದೆವೋ ಅದೊಂದು ಆಗಲಿಲ್ಲ, ಅಷ್ಟೇ.

ಇದು ಎಂಬತ್ತರ ದಶಕದ ಮಾತು. ಜಮಖಂಡಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ನಮ್ಮ ದೊಡ್ಡ ಸಾಹೇಬರು ಇರುವುದೂ ಬಿಜಾಪುರದಲ್ಲೇ. ಇಲಾಖೆಯ ಹೆಸರು ಹೇಳುವುದಿಲ್ಲ. ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ.

ಕಚೇರಿಯ ತುಂಬ ಗಂಡಸರು, ನಡುವೆ ನಾವು ನಾಲ್ವರು ಹೆಂಗಸರು. ಟೈಪಿಸ್ಟ್ ಗಿರಿಜಾ ಬನಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಮಗ್ಗದ ಖಟಪಟ, ಕಚೇರಿಯಲ್ಲಿ ಟೈಪ್ ಮಶಿನ್ನಿನ ಖಟಪಟ, ಹೀಗಾಗಿ ಅವಳಿಗೆ ಮೆಲ್ಲಗೆ ಮಾತನಾಡುವುದೇ ಗೊತ್ತಿರಲಿಲ್ಲ. ಸಾವಳಗಿಯ ಮುಮ್ತಾಜ್ ಎಲ್ಲರಿಗಿಂತ ಚಿಕ್ಕವಳು, ಮಾತು ಕಡಿಮೆ, ಆಡಿದರೆ ಸರಿಯಾಗಿ ಆಡುವವಳು. ಟಪಾಲು ನೋಡಿಕೊಳ್ಳುವ ಶಾಂತಾಬಾಯಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಅವರ ಮನೆ ಕಚೇರಿಯ ಹಿಂದಿನ ಓಣಿಯಲ್ಲೇ ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಚೇರಿಯಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಸರ್ಕಾರ ನಮ್ಮನ್ನು ನೇಮಿಸಿಕೊಳ್ಳುವಾಗ ನಮಗೂ ಒಂದು ದೇಹ ಇರುತ್ತದೆ ಎಂಬುದನ್ನು ಮರೆತಿತ್ತು. ಶಾಂತಾಬಾಯಿ ಊರಿಗೆ ಹೋದ ದಿನ ನಾವು ಮೂವರೂ ನೀರು ಕುಡಿಯುತ್ತಿರಲಿಲ್ಲ.

ನಾಲ್ಕನೆಯವಳು ನಾನು, ಸುಶೀಲಾ. ಹೆಡ್ ಕ್ಲಾರ್ಕ್ ಹಣಮಂತರಾಯರು ಸದ್ಯದಲ್ಲೇ ನಿವೃತ್ತರಾಗುವವರಿದ್ದರು. ಅವರ ನಂತರ ಸೇವೆಯಲ್ಲಿ ಹಿರಿಯಳು ನಾನೇ. ಅವರ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದವಳೂ ನಾನೇ; ಸಹಿ ಮಾತ್ರ ಅವರದು. ಆ ಕುರ್ಚಿಗೆ ಕೈಗಳಿದ್ದವು, ನಮ್ಮ ಕುರ್ಚಿಗಳಿಗೆ ಇರಲಿಲ್ಲ. ಆ ಕೈಗಳ ಮೇಲೆ ನನ್ನ ಎರಡು ಮೊಣಕೈ ಊರಿ ಒಂದು ಸಹಿ ಹಾಕಬೇಕು ಎಂಬ ಆಸೆ ನನಗಿತ್ತು. ಇದ್ದರೆ ತಪ್ಪೇನು? ಆದರೆ ಹೆಡ್ ಕ್ಲಾರ್ಕ್ ಕೆಲಸದ ಪ್ರಭಾರ ಯಾರಿಗೆ ಕೊಡಬೇಕೆಂದು ಬರೆಯುವವರು ದೊಡ್ಡ ಸಾಹೇಬರು, ಮತ್ತು ಆ ಕುರ್ಚಿಯಲ್ಲಿ ಅಂದಿನವರೆಗೆ ಹೆಣ್ಣೊಬ್ಬಳು ಕುಳಿತದ್ದಿಲ್ಲ.

ನನ್ನ ನಂತರದವನು ಬಸವರಾಜ. ಮುಧೋಳದ ಹುಡುಗ. ಕೆಲಸಕ್ಕೆ ಸೇರಿದಾಗ ಫೈಲಿನ ದಾರ ಯಾವ ಕಡೆಯಿಂದ ಬಿಚ್ಚಬೇಕೆಂಬುದೂ ಗೊತ್ತಿರಲಿಲ್ಲ. ಟಿಪ್ಪಣಿ ಬರೆಯುವುದರಿಂದ ಹಿಡಿದು ಸಾಹೇಬರ ಮುಂದೆ ಎಷ್ಟು ದೂರ ನಿಲ್ಲಬೇಕು ಎಂಬುದರವರೆಗೆ ನಾನೇ ಕಲಿಸಿದೆ. ಅವನು ನನ್ನ ಟೇಬಲ್ಲಿನ ಹತ್ತಿರ ಬಂದರೆ ಸಾಕು, ಶಾಂತಾಬಾಯಿ, "ಸುಶೀಲಾ, ನಿನ್ನ ಕೂಸು ಬಂತ ನೋಡವಾ" ಎನ್ನುತ್ತಿದ್ದರು. ಇಡೀ ಕಚೇರಿಯೇ ಅವನನ್ನು ನನ್ನ ಕೂಸು ಎಂದು ಕರೆಯುತ್ತಿತ್ತು. ನಾನೂ ಹೆಮ್ಮೆಯಿಂದ ನಗುತ್ತಿದ್ದೆ.

ಇಂಥ ಸಮಯದಲ್ಲಿ ಬಿಜಾಪುರದಲ್ಲಿ ಮಹಿಳಾ ನೌಕರರಿಗೆಂದು ಒಂದು ದಿನದ ಶಿಬಿರ ನಡೆಯಿತು. ನಮ್ಮ ಕಚೇರಿಯಿಂದ ನನ್ನನ್ನು ಕಳಿಸಿದರು. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಬಹಳ ಚೆನ್ನಾಗಿ ಮಾತನಾಡಿದರು.

"ಗಂಡಸರು ಕೆಲಸದಿಂದ ಮಾತ್ರ ಮುಂದೆ ಬರೋದಿಲ್ಲ. ಸಂಜೆ ಅವರೆಲ್ಲ ಒಂದು ಕಡೆ ಸೇರ್ತಾರೆ, ಅಲ್ಲಿ ಎಲ್ಲ ನಿರ್ಧಾರ ಆಗುತ್ತೆ. ಆ ಜಾಗ ಯಾವುದು ಅಂತ ಹುಡುಕಿ. ನೀವೂ ಬಳಗ ಕಟ್ಟಿಕೊಂಡು ಅಲ್ಲಿಗೆ ಹೋಗಿ. ನಿಮ್ಮವಳೊಬ್ಬಳನ್ನು ಮುಂದೆ ಮಾಡಿ, ಮೇಲಿನವರ ಕಣ್ಣಿಗೆ ಬೀಳೋ ಹಾಗೆ ಮಾಡಿ."

ನಾನು ಒಂದೊಂದು ಮಾತನ್ನೂ ನೆನಪಿಟ್ಟುಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದಾಗ ನಮ್ಮ ಮನೆಯವರು ಶಾಲೆಯ ಪೇಪರು ತಿದ್ದುತ್ತಿದ್ದರು. ಅವರು ಹೈಸ್ಕೂಲ್ ಮಾಸ್ತರರು, ಎಲ್ಲರ ಮಾತಿಗೂ ಕೆಂಪು ಶಾಯಿ ಹಚ್ಚುವ ಅಭ್ಯಾಸ.

"ಏನ, ಮುಖ ಭಾಳ ಹೊಳ್ಯಾಕತ್ತೇತಲ್ಲ?" ಎಂದರು.

"ನಾ ಒಂದು ಬಳಗ ಕಟ್ಟಾಕಿ ಇದ್ದೇನ್ರಿ."

"ಕಟ್ಟು. ಮನ್ಯಾಗಿನ ಬಳಗ ಹಸದ ಕುಂತೇತಿ. ಮೊದಲ ಅದಕ್ಕ ರೊಟ್ಟಿ ಬಡಿ."

ರೊಟ್ಟಿ ಬಡಿದೆ. ಮರುದಿನ ಬಳಗವನ್ನೂ ಕಟ್ಟಿದೆ.

ಗಂಡಸರು ಸೇರುವ ಜಾಗವನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಕಚೇರಿಯ ಎದುರಿಗೇ ಚಹಾದ ಹೋಟೆಲ್ ಇತ್ತು. ಸಂಜೆಯಾದರೆ ಹಣಮಂತರಾಯರು, ಬಸವರಾಜ ಮತ್ತು ಉಳಿದವರೆಲ್ಲ ಅಲ್ಲಿ. ಯಾರಿಗೆ ಯಾವ ಟೇಬಲ್, ಯಾರ ರಜೆ ಮಂಜೂರು, ಬಿಜಾಪುರದ ಸಾಹೇಬರಿಗೆ ಯಾರ ಬಗ್ಗೆ ಏನು ಅಭಿಪ್ರಾಯ, ಎಲ್ಲ ಅಲ್ಲೇ ತೀರ್ಮಾನ. ಆ ಹೊತ್ತಿಗೆ ನಾವು ಬಸ್ ನಿಲ್ದಾಣದಲ್ಲಿ ಇಲ್ಲವೇ ತರಕಾರಿ ಅಂಗಡಿಯ ಮುಂದೆ ಇರುತ್ತಿದ್ದೆವು.

"ನಾವೂ ಹೋಗೂಣು. ಚಹಾ ಕುಡದ್ರ ಜೈಲಿಗೆ ಹಾಕ್ತಾರೇನ?" ಎಂದಳು ಗಿರಿಜಾ.

ನಾಲ್ವರೂ ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದೆವು. ನಾವು ಒಳಗೆ ಕಾಲಿಟ್ಟದ್ದೇ ತಡ, ಹೋಟೆಲಿನ ಮಾಲಕ ಗಲ್ಲಾಪೆಟ್ಟಿಗೆಯಿಂದ ಎದ್ದು ಓಡಿ ಬಂದ.

"ಬರ್ರಿ ಅಕ್ಕಾರ, ಫ್ಯಾಮಿಲಿ ರೂಮ್ ಖಾಲಿ ಐತ್ರಿ" ಎಂದು ನಮ್ಮನ್ನು ಮೂಲೆಯ ಕೋಣೆಗೆ ತಳ್ಳಿದಂತೆಯೇ ಕಳಿಸಿ, ಪರದೆ ಎಳೆದುಬಿಟ್ಟ.

ಪರದೆಗೆ ಹಳೆಯ ಸಾಂಬಾರಿನ ವಾಸನೆ ಇತ್ತು. ಪಂಖಾ ತಿರುಗುತ್ತಿರಲಿಲ್ಲ. ಹೊರಗೆ ಗಂಡಸರ ಮಾತೆಲ್ಲ ನಿಂತುಹೋಗಿ ಕಪ್ಪು-ಬಸಿಗಳ ಸಪ್ಪಳವಷ್ಟೇ ಕೇಳುತ್ತಿತ್ತು. ನಿರ್ಧಾರಗಳಾಗುವ ಜಾಗದಿಂದ ನಾವು ಒಂದು ಪರದೆಯಷ್ಟು ದೂರದಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತ ಬಿಸಿ ಚಹಾವನ್ನು ಗಂಟಲು ಸುಡುವಂತೆ ಕುಡಿದು ಎದ್ದು ಬಂದೆವು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಯಾಕವಾ, ಮನ್ಯಾಗ ಚಹಾಪುಡಿ ಮುಗದಿತ್ತೇನ?"

ಅಲ್ಲಿಗೆ ಆ ದಾರಿ ಬಂದ್ ಆಯಿತು. ಅಂದಿನಿಂದ ಬಳಗದ ಸಭೆಗಳು ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಹಳೆಯ ಫೈಲುಗಳ ಕೋಣೆಯಲ್ಲಿ ನಡೆಯತೊಡಗಿದವು. ಮೊದಲ ಸಭೆಯ ವಿಷಯ, ನಾಯಕತ್ವ. ಶಾಂತಾಬಾಯಿ ತಂದಿದ್ದ ಕೆಂಪು ಮೆಣಸಿನಕಾಯಿ ಚಟ್ನಿಯಿಂದಾಗಿ ಚರ್ಚೆ ಸ್ವಲ್ಪ ದಾರಿ ತಪ್ಪಿತಾದರೂ ಎರಡು ನಿರ್ಣಯಗಳಾದವು. ಹೆಂಗಸರಿಗೆ ಪಾಯಖಾನೆ ಬೇಕು. ಹೆಡ್ ಕ್ಲಾರ್ಕ್ ಕುರ್ಚಿಗೆ ಸುಶೀಲಾ ಬೇಕು. ಎರಡನೆಯದನ್ನು ಮಂಡಿಸಿದವಳು ಮುಮ್ತಾಜ್. ಆ ಹುಡುಗಿಗೆ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. "ನೀವು ಕುಂತ್ರ ನಾಳೆ ನಾವೂ ಕುಂಡರಬಹುದಲ್ಲಕ್ಕಾ" ಎಂದಳು. ನನ್ನ ಪಾಲಿನ ಚಟ್ನಿಯನ್ನೂ ಅವಳ ಡಬ್ಬಿಗೇ ಹಾಕಿದೆ.

ಪಾಯಖಾನೆಯ ಬೇಡಿಕೆಯನ್ನು ಹಣಮಂತರಾಯರ ಮುಂದಿಟ್ಟೆವು. ಅವರು ಕನ್ನಡಕ ತೆಗೆದು ಒರೆಸಿದರು.

"ನೋಡೂಣ್ರಿ. ಅದಿರ್ಲಿ, ನಿಮ್ಮದೊಂದು ಮಹಿಳಾ ಬಳಗ ಆಗೇತಂತ ಕೇಳಿದೆ. ಭಾಳ ಛಲೋ ಆತು. ಬರೂ ಸೋಮವಾರ ದೊಡ್ಡ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ಅವರ ಊಟದ್ದೆಲ್ಲಾ ನಿಮ್ಮ ಬಳಗಕ್ಕ ಒಪ್ಪಿಸೇನಿ."

ಮುಮ್ತಾಜ್ ಹೊರಗೆ ಬಂದ ಕೂಡಲೇ ನನ್ನ ಕೈ ಹಿಡಿದಳು.

"ಬ್ಯಾಡಕ್ಕಾ. ಅಡಗಿ ಮಾಡಿದ್ರ ಅಡಗಿಯವ್ರು ಅಂತನ ನೆನಪಿಡ್ತಾರು."

ನಾನು ಅಧ್ಯಕ್ಷೆ. ದೂರದೃಷ್ಟಿ ಇರುವವಳು. "ಹುಚ್ಚಿ, ಸಾಹೇಬ್ರ ಕಣ್ಣಿಗೆ ಬೀಳಾಕ ಇದಕ್ಕಿಂತ ಛಲೋ ದಾರಿ ಯಾವುದೈತಿ?" ಎಂದು ಅವಳ ಬಾಯಿ ಮುಚ್ಚಿಸಿದೆ. ಕಣ್ಣಿಗೆ ಬಿದ್ದದ್ದಂತೂ ನಿಜ. ಹೇಗೆ ಬಿದ್ದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಊಟವೊಂದೇ ಸಾಲದು, ನನ್ನನ್ನು ಸಾಹೇಬರ ಮುಂದೆ ಎತ್ತಿ ಹಿಡಿಯುವ ಕಾರ್ಯಕ್ರಮವೂ ಬೇಕು ಎಂದು ಬಳಗ ಯೋಚಿಸಿತು. ನನ್ನ ಇಷ್ಟು ವರ್ಷದ ಸೇವೆಗೆ ಬಳಗದ ಪರವಾಗಿ ಒಂದು ಸನ್ಮಾನ. ಗಿರಿಜಾ ನನ್ನ ಬಗ್ಗೆ ಭಾಷಣ ಮಾಡುವುದು, ಹೆಡ್ ಕ್ಲಾರ್ಕ್ ಕೆಲಸ ನಾನೇ ಮಾಡುತ್ತಿರುವುದನ್ನು ಸಾಹೇಬರ ಕಿವಿಗೆ ಮುಟ್ಟಿಸುವುದು.

"ಹಾರ ಹಾಕಿ ಶಾಲು ಹೊಚ್ಚೂಣ?" ಎಂದು ಗಿರಿಜಾ ಕೇಳಿದಳು.

ಶಾಂತಾಬಾಯಿ ಹುಬ್ಬು ಗಂಟಿಕ್ಕಿದರು. "ಹಾರ, ಶಾಲು ಗಂಡಸರಿಗೆ. ಮುತ್ತೈದಿಗೆ ಮರ್ಯಾದಿ ಅಂದ್ರ ಉಡಿ ತುಂಬೂದು. ನಮ್ಮ ಕಡೆ ಅದಕ್ಕಿಂತ ದೊಡ್ಡದ ಏನೈತಿ?"

ಅವರು ಹೇಳಿದ್ದು ನಿಜವೇ. ನಮ್ಮ ಭಾಗದಲ್ಲಿ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುತ್ತೇವೆ, ಹೊರಟ ಮಗಳಿಗೆ ತುಂಬುತ್ತೇವೆ, ಹಬ್ಬಕ್ಕೆ ತುಂಬುತ್ತೇವೆ, ದೇವಿಗೂ ತುಂಬುತ್ತೇವೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಉತ್ತತ್ತಿ, ಅರಿಷಿಣ ಕೊಂಬು ಹಾಕಿದರೆ ಮರ್ಯಾದೆ ಕೊಟ್ಟ ಹಾಗೆ. ಹಾಕಿಸಿಕೊಳ್ಳುವವಳಿಗೆ ವಿಶೇಷವೇನೂ ಇರಬೇಕಾಗಿಲ್ಲ. ಇದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ದೊಡ್ಡ ಸಾಹೇಬರು ಮೈಸೂರು ಕಡೆಯವರು ಎಂಬುದು ಮಾತ್ರ ನಮ್ಮ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಸೋಮವಾರ ಬಂತು. ಬೆಳಗಾಗುವ ಮುಂಚೆಯೇ ಶಾಂತಾಬಾಯಿಯ ಮನೆಯಲ್ಲಿ ಒಲೆ ಹೊತ್ತಿದವು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ. ಗಿರಿಜಾ ತಮ್ಮ ಮಗ್ಗದಲ್ಲೇ ನೇಯ್ದ ಅಚ್ಚ ಹಸಿರು ಸೀರೆಯನ್ನು ನನಗೆಂದು ತಂದಿದ್ದಳು. ಬೋಳುಗೈಯಲ್ಲಿ ಉಡಿ ತುಂಬಿಸಿಕೊಳ್ಳಬಾರದೆಂದು ಶಾಂತಾಬಾಯಿ ನನ್ನ ಎರಡೂ ಕೈಗಳಿಗೆ ಮೊಣಕೈವರೆಗೆ ಹಸಿರು ಬಳೆ ಏರಿಸಿದರು. ನಾನು ಮೊದಲೇ ಮೈಕೈ ತುಂಬಿಕೊಂಡ ಹೆಂಗಸು, ಅದರಲ್ಲೂ ಹೊಟ್ಟೆಯ ಭಾಗದಲ್ಲಿ ದೇವರು ಕೈ ಬಿಗಿ ಹಿಡಿದಿರಲಿಲ್ಲ. ಸೋಮವಾರವಾದ್ದರಿಂದ ನನಗೆ ಒಪ್ಪತ್ತು. ಖಾಲಿ ಹೊಟ್ಟೆಗೆ ಚಹಾದ ಮೇಲೆ ಚಹಾ, ಮೇಲೆ ಒಲೆಯ ಹೊಗೆ. ಸಾಹೇಬರ ಜೀಪಿನ ಸಪ್ಪಳ ಕೇಳಿ ನಾನು ಕಚೇರಿಯ ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಹೊಟ್ಟೆ ತೊಳಸಿ ಬಂತು. ಹೋಗಲು ಪಾಯಖಾನೆ ಎಲ್ಲಿದೆ? ಬೇವಿನ ಮರ ಹಿಡಿದುಕೊಂಡು ಬಗ್ಗಿದೆ. ತಲೆ ಎತ್ತಿದಾಗ ಎದುರಿಗೇ ಜೀಪು, ಜೀಪಿನಲ್ಲಿ ದೊಡ್ಡ ಸಾಹೇಬರು.

ಅವರು ಕರುಣೆಯಿಂದ ಮುಖ ಬೇರೆ ಕಡೆ ತಿರುಗಿಸಿದರು.

ಮುಮ್ತಾಜ್ ಓಡಿ ಬಂದು ನನ್ನ ಬಾಯಿಗೆ ಒಂದು ತುಣುಕು ಹುಣಸೆಹಣ್ಣು ತುರುಕಿದಳು. ಅದನ್ನು ಚೀಪುತ್ತಲೇ ನಾನು ಕೈ ಜೋಡಿಸಿ ಸ್ವಾಗತ ಕೋರಿದೆ.

ತಪಾಸಣೆ ಶುರುವಾಯಿತು. ತಿಂಗಳುಗಟ್ಟಲೆ ಕುಳಿತು ಸಿದ್ಧಪಡಿಸಿದ್ದ ಫೈಲುಗಳನ್ನು ನಾನೇ ಸಾಹೇಬರಿಗೆ ವಿವರಿಸಬೇಕೆಂದಿದ್ದೆ. ಆದರೆ ಹಣಮಂತರಾಯರು ನನ್ನನ್ನು ಪಕ್ಕಕ್ಕೆ ಕರೆದು, "ಬಾಯಾರ, ನೀವು ಹೋಳಿಗಿ ಕಡೆ ನೋಡ್ರಿ, ಫೈಲಾ ಬಸವರಾಜ ತೋರಸ್ತಾನ" ಎಂದರು. ನಾನು ಹೋಳಿಗೆಯ ಕಡೆ ನೋಡಿದೆ. ಒಳಗಿನಿಂದ ಬಸವರಾಜನ ದನಿ ಕೇಳುತ್ತಿತ್ತು. ಒಂದೊಂದು ವಾಕ್ಯವೂ ನನ್ನದೇ. ಎಲ್ಲಿ ನಿಲ್ಲಿಸಬೇಕೆಂದು ಕಲಿಸಿದ್ದೆನೋ ಅಲ್ಲೇ ನಿಲ್ಲಿಸುತ್ತಿದ್ದ. ಕಲಿಸಿದ್ದು ಚೆನ್ನಾಗಿಯೇ ಹತ್ತಿದೆ ಎಂದು ಒಂದು ಗಳಿಗೆ ಸಂತೋಷವೂ ಆಯಿತು, ಅಂಥ ಮೂರ್ಖಳು ನಾನು.

ಊಟಕ್ಕೆ ಮುಂಚೆ ನಮ್ಮ ಕಾರ್ಯಕ್ರಮ. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಗಿರಿಜಾ ಭಾಷಣಕ್ಕೆಂದು ಗಂಟಲು ಸರಿಮಾಡಿಕೊಂಡಳು. ಹಣಮಂತರಾಯರು ಗಡಿಯಾರ ನೋಡಿ ಕೈ ಎತ್ತಿದರು.

"ಭಾಷಣಾ ಬ್ಯಾಡವಾ, ಹೋಳಿಗಿ ಆರತಾವು. ಲಗೂನ ಮುಗಸ್ರಿ."

ಹೋಳಿಗೆ ಆರಬಾರದೆಂದು ನನ್ನ ಸೇವೆಯ ಇತಿಹಾಸ ಗಿರಿಜಾಳ ಗಂಟಲಲ್ಲೇ ಉಳಿಯಿತು. ಉಳಿದದ್ದೆಲ್ಲ ಸಾಂಗವಾಗಿ ನಡೆಯಿತು. ಮುಮ್ತಾಜ್ ತಾಟು ಹಿಡಿದಳು. ಶಾಂತಾಬಾಯಿ ಅರಿಷಿಣ ಕುಂಕುಮ ಹಚ್ಚಿ, ನನ್ನ ಸೆರಗಿನಲ್ಲಿ ಬೊಗಸೆ ಬೊಗಸೆ ಅಕ್ಕಿ ಹಾಕಿ, ಖಣ, ಕಾಯಿ ಇಟ್ಟು ಆರತಿ ಎತ್ತಿದರು. ಹಸಿರು ಸೀರೆ, ಹಸಿರು ಬಳೆ, ಉಬ್ಬಿದ ಉಡಿ, ಬಾಡಿದ ಮುಖ, ಬಾಯಲ್ಲಿ ಹುಣಸೆಹಣ್ಣು. ನಾನು ನಾಚಿಕೊಂಡು ತಲೆ ತಗ್ಗಿಸಿದ್ದೆ. ಓರೆಗಣ್ಣಿನಿಂದ ನೋಡಿದರೆ ಸಾಹೇಬರು ಪಕ್ಕದಲ್ಲಿ ನಿಂತ ಬಸವರಾಜನ ಕಡೆ ಬಾಗಿ ಮೆಲ್ಲಗೆ ಏನೋ ಕೇಳುತ್ತಿದ್ದರು. ಬಸವರಾಜ ನೆಲ ನೋಡಿ ನಕ್ಕ. ನನ್ನ ಬಗ್ಗೆಯೇ ಕೇಳುತ್ತಿದ್ದಾರೆ ಎಂದುಕೊಂಡೆ. ಕೇಳಿದ್ದು ನನ್ನ ಬಗ್ಗೆಯೇ.

ಸಾಹೇಬರು ಎದ್ದು ಬಂದು ನನ್ನ ಮುಂದೆ ನಿಂತರು.

"ಬಹಳ ಸಂತೋಷ ಕಣಮ್ಮ. ಇಂಥ ಹೊತ್ತಲ್ಲೂ ಇಷ್ಟು ದುಡೀತಿದ್ದೀರಿ. ಇನ್ನು ಮೇಲೆ ಆರೋಗ್ಯ ನೋಡ್ಕೊಬೇಕು." ಆಮೇಲೆ ಹಣಮಂತರಾಯರ ಕಡೆ ತಿರುಗಿ ಗದರಿದರು. "ಏನ್ರೀ ಇದು, ಇಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಇಲ್ವಾ? ನಾನೇ ಕಣ್ಣಾರೆ ನೋಡಿದೆ."

ನಮ್ಮ ನಾಲ್ವರ ಕಣ್ಣುಗಳೂ ಹೊಳೆದವು. ಒಂದೇ ಊಟದಲ್ಲಿ ಎರಡೂ ನಿರ್ಣಯ ಗೆದ್ದೆವು ಎಂದುಕೊಂಡೆವು. ಸಂಜೆ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದಾಗ ಅವರು, ಜೀವನದಲ್ಲಿ ಮೊದಲ ಸಲ, ನನ್ನ ಮಾತಿಗೆ ಕೆಂಪು ಶಾಯಿ ಹಚ್ಚದೆ ಎದ್ದು ಹೋಗಿ ಪೇಢೆ ತಂದರು. ಓಣಿಯವರೆಲ್ಲ ಬಾಯಿ ಸಿಹಿ ಮಾಡಿಕೊಂಡರು. ಎದುರು ಮನೆಯ ಮುದುಕಿ ನನ್ನ ಬಳೆ ನೋಡಿ, ಪೇಢೆ ನೋಡಿ, ಗದ್ದ ಹಿಡಿದು ಹರಸಿ ಹೋದಳು. ಪ್ರಮೋಶನ್ನಿನ ಬಗ್ಗೆ ಆಕೆಗೆ ಇಷ್ಟು ಕಾಳಜಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಕೆಲವು ದಿನಗಳ ನಂತರ, ಹಣಮಂತರಾಯರು ನಿವೃತ್ತರಾದ ದಿನವೇ, ಬಿಜಾಪುರದಿಂದ ಟಪಾಲು ಬಂತು. ಶಾಂತಾಬಾಯಿ ಒಡೆದರು. ಮೊದಲ ಆದೇಶವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಮಹಿಳಾ ಸಿಬ್ಬಂದಿಗೆ ಶೌಚಾಲಯ ಮಂಜೂರಾಗಿತ್ತು. ಗಿರಿಜಾ ಟೈಪ್ ಮಶಿನ್ನಿನ ಗಂಟೆ ಬಾರಿಸಿದಳು. ಎರಡನೆಯದನ್ನು ಶಾಂತಾಬಾಯಿ ಓದಲಿಲ್ಲ. ಎದ್ದು ಬಂದು ನನ್ನ ಟೇಬಲ್ಲಿನ ಮೇಲಿಟ್ಟು, ಅಲ್ಲೇ ನಿಂತರು. ಹೆಡ್ ಕ್ಲಾರ್ಕ್ ಹುದ್ದೆಯ ಪ್ರಭಾರ ಬಸವರಾಜನಿಗೆ. ಕಾರಣ ಬರೆದಿರಲಿಲ್ಲ.

ಮರುದಿನವೇ ನಾನು ರಜೆ ಹಾಕಿ ಗಿರಿಜಾಳನ್ನು ಕರೆದುಕೊಂಡು ಬಿಜಾಪುರಕ್ಕೆ ಹೋದೆ. ಸಾಹೇಬರು ಟೂರಿನ ಮೇಲಿದ್ದರು. ಅವರ ಕೋಣೆಯ ಮುಂದೆ ಕುಳಿತಿದ್ದ ವಯಸ್ಸಾದ ಗುಮಾಸ್ತರು ನನ್ನ ಹೆಸರು, ಊರು ಕೇಳಿದವರೇ ಗಾಬರಿಯಿಂದ ಎದ್ದು ತಮ್ಮ ಕುರ್ಚಿಯನ್ನೇ ನನ್ನ ಕಡೆ ತಳ್ಳಿದರು.

"ಕುಂಡರ್ರಿ ತಾಯಿ, ಕುಂಡರ್ರಿ. ಇಂಥಾದ್ರಾಗ ಬಸ್ಸಿನ್ಯಾಗ ಯಾಕ ಬರಾಕ ಹೋದ್ರಿ? ರಸ್ತೆ ಒಂದ ಸುದ್ದ ಇಲ್ಲ."

"ಎಂಥಾದ್ರಾಗ್ರಿ?"

"ಅದನ್ನ ಬಾಯಿ ಬಿಟ್ಟ ಹೇಳ್ಬೇಕೇನವಾ. ಸಾಹೇಬ್ರು ಬಂದ ಕೂಡ್ಲೆ ಹೇಳಿದ್ರು, ಜಮಖಂಡಿ ಆಫೀಸಿನ್ಯಾಗ ಬಾಯಾರಿಗೆ ಸೀಮಂತ ಆತು, ನಾನೂ ಹರಸಿ ಬಂದೆ ಅಂತ. ಪ್ರಭಾರ ನಿಮಗ ಬರೂದಿತ್ತು. ತುಂಬಿದ ಬಸರಿಗಿ ಇಷ್ಟ ಭಾರ ಹೊರಸೂದು ಪಾಪ, ಮುಂದ ಹೆರಿಗಿ ರಜಾ ಹೋಗ್ತಾಳ, ಬ್ಯಾಡ ಅಂದ್ರು. ಭಾಳ ಮೆದು ಮನಸ್ಸಿನವ್ರು ನಮ್ಮ ಸಾಹೇಬ್ರು."

ನನಗೆ ಎಲ್ಲ ಅರ್ಥವಾಯಿತು. ಉಡಿ ತುಂಬುವುದನ್ನು ಸೀಮಂತದಲ್ಲಷ್ಟೇ ಕಂಡಿದ್ದ ಮೈಸೂರು ಕಡೆಯ ಆ ಮನುಷ್ಯ ನೋಡಿದ್ದು ಬೇವಿನ ಮರದ ಕೆಳಗಿನ ವಾಂತಿ, ಹುಣಸೆಹಣ್ಣು, ಹಸಿರು ಬಳೆ, ತುಂಬಿದ ಉಡಿ. ನಮ್ಮ ಬಳಗ ನನ್ನನ್ನು ಅವರ ಕಣ್ಣಿಗೆ ಬೀಳಿಸಲು ಏನೇನು ಮಾಡಿತೋ ಅಷ್ಟನ್ನೂ ಸೇರಿಸಿ ಅವರು ನನ್ನನ್ನು ಬಸುರಿ ಮಾಡಿದ್ದರು. ಮಗ ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು!

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಮಗ್ಗದ ಮನೆಯ ದನಿ ತೆಗೆದಳು.

"ಆಕಿ ಬಸರಿಲ್ರಿ. ಅದಿರ್ಲಿ. ಖರೇನ ಬಸರಿದ್ರೂ ಹಿರಿಯಾಕಿ ಆಕಿನ ಅಲ್ಲೇನ್ರಿ? ಕುರ್ಚಿ ಮ್ಯಾಲ ಕುಂತ ಸಹಿ ಮಾಡೂದಕ್ಕ ಹೊಟ್ಟಿ ಏನ ಅಡ್ಡ ಬರತೈತ್ರಿ?"

ಗುಮಾಸ್ತರು ಸುತ್ತ ನೋಡಿದರು. "ಅದನ್ನ ನಾ ಹೆಂಗ ಹೇಳ್ಲೆವಾ" ಎಂದು ಪೆನ್ನಿನ ಟೊಪ್ಪಿಗೆ ಹುಡುಕತೊಡಗಿದರು.

ಸರಿ, ಗುಮಾಸ್ತರಿಗೆ ಗೊತ್ತಿರಲಿಲ್ಲ, ಸಾಹೇಬರಿಗೆ ಗೊತ್ತಿರಲಿಲ್ಲ. ಬಸವರಾಜನಿಗೆ? ಅವನ ತಾಯಿ ನನಗೆ ಎರಡು ಸಲ ಉಡಿ ತುಂಬಿದ್ದಾಳೆ. ಜಮಖಂಡಿಗೆ ಬಂದವಳೇ ನೇರವಾಗಿ ಅವನ ಮುಂದೆ ನಿಂತೆ. ಅವನು ಕೈಗಳಿರುವ ಕುರ್ಚಿಯಲ್ಲಿ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ಸಂಸ್ಕಾರವಂತ, ನಾನೇ ಕಲಿಸಿದ್ದು.

"ಸಾಹೇಬ್ರು ಅವತ್ತ ನಿನ್ನ ಏನ ಕೇಳಿದ್ರಪಾ?"

"ಸೀಮಂತೇನ್ರಿ ಅಂತ ಕೇಳಿದ್ರಿ ಅಕ್ಕಾರ."

"ನೀ ಏನಂದಿ?"

"ಏನೂ ಅನ್ನಲಿಲ್ರಿ. ಹೆಣ್ಣಮಕ್ಕಳ ವಿಷಯದಾಗ ಗಂಡಸ ಬಾಯಿ ಹಾಕಬಾರದಂತ ಸುಮ್ಮನ ನಕ್ಕೆ."

ಇಂದಿಗೂ ನನಗೆ ಆ ಮಾತಿನ ಮೇಲೆ ಸಿಟ್ಟು ಬರುತ್ತದೆ. ಸಾಹೇಬರದು ತಿಳಿಯದ ತಪ್ಪು. ಬಸವರಾಜನ ನಗೆ ತಿಳಿದು ನಕ್ಕದ್ದು. ಗಂಡಸರ ಬಳಗಕ್ಕೆ ಹೋಳಿಗೆ ಬೇಡ, ರಂಗೋಲಿ ಬೇಡ, ಅಧ್ಯಕ್ಷರೂ ಬೇಡ. ಸರಿಯಾದ ಹೊತ್ತಿಗೆ ಒಬ್ಬ ನೆಲ ನೋಡಿ ನಕ್ಕರೆ ಅವರ ಕೆಲಸ ಆಗಿಬಿಡುತ್ತದೆ.

ಬರೀ ಬಾಯಿಮಾತು ಸಾಲದೆಂದು, ನಾನು ಗರ್ಭಿಣಿ ಅಲ್ಲವೆಂದು ಸಾಹೇಬರಿಗೆ ಒಂದು ಅರ್ಜಿ ಬರೆದೆ. ಸರ್ಕಾರಿ ನಿಯಮದಂತೆ ಅರ್ಜಿ ಹೆಡ್ ಕ್ಲಾರ್ಕರ ಮೂಲಕವೇ ಹೋಗಬೇಕು. ಬಸವರಾಜ ಅದನ್ನು ಎರಡು ಸಲ ಓದಿ ಬಹಳ ವಿನಯದಿಂದ ವಾಪಸು ಕೊಟ್ಟ.

"ಇದಕ್ಕ ಡಾಕ್ಟರ್ ಸರ್ಟಿಫಿಕೇಟ್ ಹಚ್ಚಬೇಕಾಗ್ತದ್ರಿ ಅಕ್ಕಾರ. ಆಧಾರ ಇಲ್ಲದ ಅರ್ಜಿ ಮುಂದ ಕಳಸಬಾರದಂತ ನೀವ ಕಲಿಸೀರಿ."

ಸರ್ಕಾರಿ ದವಾಖಾನೆಯ ಡಾಕ್ಟರ್ ಬಾಯಿ ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ಬಸುರಿ ಎಂದು ಬರೆದುಕೊಡಿ ಎನ್ನುವವರು ದಿನಾ ಬರುತ್ತಾರಂತೆ, ಅಲ್ಲವೆಂದು ಬರೆಸಿಕೊಳ್ಳಲು ಬಂದವಳು ನಾನೇ ಮೊದಲಂತೆ. ಆದರೂ ಬರೆದುಕೊಟ್ಟರು. ಅದನ್ನು ಹಚ್ಚಿ ಅರ್ಜಿ ಕೊಟ್ಟೆ. "ಪರಿಶೀಲನೆಯಲ್ಲಿದೆ" ಎಂದು ಬಸವರಾಜ ಅದರ ಮೇಲೆ ಸುಂದರವಾಗಿ ಟಿಪ್ಪಣಿ ಬರೆದು ಮೇಜಿನ ಖಾನೆಯಲ್ಲಿಟ್ಟ. ಅಕ್ಷರ ದುಂಡಗಿತ್ತು. ಅದನ್ನೂ ನಾನೇ ತಿದ್ದಿಸಿದ್ದೆ.

ದವಾಖಾನೆಗೆ ಹೋದದ್ದರಿಂದ ಊರಿಗೆ ಇದ್ದ ಅನುಮಾನವೂ ಹೋಯಿತು. ನಮ್ಮ ಮನೆಯವರ ಶಾಲೆಯಲ್ಲಿ ಮಾಸ್ತರರೆಲ್ಲ ಸೇರಿ ಅವರಿಗೆ ಕೈ ಕುಲುಕಿ ಪಾರ್ಟಿ ಕೇಳಿದರಂತೆ. ಸಂಜೆ ಅವರು ಕೊಡೆ ಮೂಲೆಗೆ ಎಸೆದು ಕುಳಿತರು.

"ನೀ ಬಳಗ ಕಟ್ಟಿದಿ. ನಾ ಊರ ತುಂಬ ಅಲ್ಲ, ಅಲ್ಲ ಅಂತ ಹೇಳ್ಕೋತ ಅಡ್ಡಾಡಾಕತ್ತೇನಿ. ಯಾರೂ ನಂಬವಲ್ರು."

"ನನ್ನ ಕುರ್ಚಿ ಹೋತ್ರಿ" ಎಂದೆ.

ಅವರು, "ಹೌದು, ಅದೂ ಹೋತು" ಎಂದು ಎದ್ದು, ತಾವೇ ಚಹಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ನಾನು ಹೇಳದೆ ಕುಡಿದೆ.

ಶೌಚಾಲಯ ಮಾತ್ರ ಕಟ್ಟಿ ಮುಗಿಯಿತು. ನಮ್ಮ ಬಳಗ ಬೇಡಿ, ಬರೆದು, ಬೇಯಿಸಿ ಪಡೆಯಲಾರದ್ದನ್ನು ಹುಟ್ಟದ ಕೂಸೊಂದು ಕೊಡಿಸಿತು. ದುರುಪಯೋಗ ಆಗಬಾರದೆಂದು ಅದಕ್ಕೊಂದು ಬೀಗ, ಆ ಬೀಗದ ಕೈ ಹೆಡ್ ಕ್ಲಾರ್ಕರ ಖಾನೆಯಲ್ಲಿ. ಬಸವರಾಜ ಅದನ್ನು ನನ್ನ ಅರ್ಜಿಯ ಮೇಲೆಯೇ ಇಟ್ಟಿರುತ್ತಿದ್ದ. ಪ್ರತಿ ಸಲ ಅವನ ಮುಂದೆ ಕೈ ಚಾಚಲಾರದೆ ನಾವು ಮತ್ತೆ ಶಾಂತಾಬಾಯಿಯ ಮನೆಗೇ ಹೋಗತೊಡಗಿದೆವು.

ಮರುವರ್ಷ ಸಾಹೇಬರ ತಪಾಸಣೆ ಮತ್ತೆ ಬಂತು. ಬಸವರಾಜ ಕೈ ಹಿಸುಕುತ್ತ ಬಂದ. "ಅಕ್ಕಾರ, ನಿಮ್ಮ ಬಳಗಕ್ಕ ಒಂದ ಮಾತ ಹೇಳ್ರಿ, ಊಟದ್ದು..." ಈ ಸಲ ಮುಮ್ತಾಜ್ ಹೇಳುವುದಕ್ಕೂ ಮುಂಚೆ ನಾನೇ ನಿರ್ಣಯ ಮಂಡಿಸಿದೆ. ಬಳಗದ ಯಾರೊಬ್ಬರೂ ಒಲೆ ಹಚ್ಚತಕ್ಕದ್ದಲ್ಲ. ಸರ್ವಾನುಮತದಿಂದ ಪಾಸಾಯಿತು. ಎದುರಿನ ಹೋಟೆಲಿನಿಂದ ಊಟ ತರಿಸಿದರು. ಬಳಗ ಗೆದ್ದಿತು.

ಸಾಹೇಬರು ಬಂದರು, ಫೈಲು ನೋಡಿದರು, ಊಟಕ್ಕೆ ಕುಳಿತರು. ಬಸವರಾಜ ಅವರ ಕುರ್ಚಿಯ ಬೆನ್ನು ಹಿಡಿದುಕೊಂಡು ಹಿಂದೆ ನಿಂತಿದ್ದ. ಗಂಡಸರೆಲ್ಲ ಗೋಡೆಗೆ ಆನಿಕೊಂಡು ಕೈಕಟ್ಟಿ ನಿಂತಿದ್ದರು, ಬಡಿಸುವುದು ಯಾರ ಟೇಬಲ್ಲಿಗೆ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು. ಮುಖ ಅರಳಿತು.

"ಏನಮ್ಮ, ಚೆನ್ನಾಗಿದ್ದೀರಾ? ಮಗು ಹೇಗಿದೆ?"

ಗಿರಿಜಾಳ ಟೈಪ್ ನಿಂತಿತು. ನಿಜ ಹೇಳಬಹುದಿತ್ತು. ಆದರೆ ನನ್ನ ನಿಜ ಖಾನೆಯಲ್ಲಿ ಪರಿಶೀಲನೆಯಲ್ಲಿತ್ತು.

"ಛಲೋ ಐತ್ರಿ ಸಾಹೇಬ್ರ" ಎಂದೆ. "ಕುರ್ಚಿ ಹಿಡಕೊಂಡ ನಿಲ್ಲತೈತ್ರಿ ಈಗ."

ಶಾಂತಾಬಾಯಿ ಸೆರಗು ಬಾಯಿಗೆ ತುರುಕಿಕೊಂಡರು. ಬಸವರಾಜ ಕುರ್ಚಿಯ ಬೆನ್ನಿನಿಂದ ಕೈ ತೆಗೆದ, ಆಮೇಲೆ ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟ. ಸಾಹೇಬರಿಗೆ ಮಾತ್ರ ಬಹಳ ಸಂತೋಷವಾಯಿತು.

"ಒಳ್ಳೇದು, ಒಳ್ಳೇದು. ತಾಯಿ ಕಷ್ಟಪಟ್ಟರೆ ಮಕ್ಕಳು ಮುಂದೆ ಬರ್ತಾರೆ" ಎಂದು ಎಲೆಯ ಕಡೆ ತಿರುಗಿ, "ಹೋಳಿಗೆ ಇನ್ನೊಂದು ಇದೆಯಾ?" ಎಂದು ಕೇಳಿದರು.

ಯಾರೂ ಕದಲಲಿಲ್ಲ. ಬಳಗದ ಮೂವರು ನನ್ನನ್ನೇ ನೋಡುತ್ತಿದ್ದರು. ಮುಮ್ತಾಜ್ ಬೇಡವೆಂದು ಸಣ್ಣಗೆ ತಲೆಯನ್ನೂ ಆಡಿಸಿದಳು. ನಾವು ಮಾಡಿದ ನಿರ್ಣಯದಲ್ಲಿ ಒಲೆ ಹಚ್ಚಬಾರದು ಎಂದಷ್ಟೇ ಇತ್ತು, ಬಡಿಸುವ ವಿಷಯ ಬರೆದಿರಲಿಲ್ಲ.

ಇತ್ತು, ಇನ್ನೊಂದು ಹೋಳಿಗೆ ಇತ್ತು. ಮೇಲೆ ತುಪ್ಪವನ್ನೂ ಹಾಕಿ ಬಡಿಸಿದವಳು ನಾನೇ.